ಅಣೆಕಟ್ಟು ನೀರು ಹಿಡಿದಿಟ್ಟರೂ ಅಳಿವೆ ಸಪ್ಪೆಯಾಗುವುದು ಹೇಗೆ?

ಪ್ರಶ್ನೆ: ನಮ್ಮ ಮನೆ ಶರಾವತಿ ಹೊಳೆಯ ದಂಡೆಯಲ್ಲಿ, ಹೊನ್ನಾವರದಿಂದ ಸ್ವಲ್ಪ ಮೇಲೆ. ನಮ್ಮ ಅಮ್ಮಮ್ಮ ಚಿಕ್ಕವರಿದ್ದಾಗ ಬೇಸಿಗೆಯಲ್ಲಿ ಹೊಳೆ ನೀರು ಬಾಯಿಗೆ ಹಾಕಲು ಆಗುತ್ತಿರಲಿಲ್ಲವಂತೆ, ಅಷ್ಟು ಉಪ್ಪು. ಬುಟ್ಟಿಗಟ್ಟಲೆ ಬಳಚು, ಅಂದರೆ ತಿನ್ನುವ ಚಿಪ್ಪುಜೀವಿ, ಸಿಗುತ್ತಿತ್ತಂತೆ. ಈಗ ಬೇಸಿಗೆಯಲ್ಲೂ ನೀರು ಸಪ್ಪೆ. ಬಳಚು ಬೇಕಂದ್ರೆ ಕುಮಟಾ ಕಡೆಯಿಂದ ಬರಬೇಕು. ನನಗೆ ಅರ್ಥವಾಗದ್ದು ಇಷ್ಟು: ಅಣೆಕಟ್ಟು ನೀರು ಹಿಡಿದಿಟ್ಟರೆ ಕೆಳಗೆ ಸಿಹಿನೀರು ಕಡಿಮೆಯಾಗಿ ಉಪ್ಪು ಜಾಸ್ತಿ ಆಗಬೇಕು ಅಲ್ವಾ? ಇಲ್ಲಿ ಉಲ್ಟಾ ಯಾಕಾಯ್ತು? ಈಗ ಶರಾವತಿ ಪಂಪ್ಡ್ ಸ್ಟೋರೇಜ್ ಅಂತ ಇನ್ನೊಂದು ಯೋಜನೆ ಬರುತ್ತಿದೆ. ಅದರಿಂದ ಹೊಳೆ ಸಮುದ್ರ ಸೇರುವ ಅಳಿವೆಗೆ ಏನಾಗುತ್ತದೆ? ಕೆರೆ, ಹಕ್ಕಿಧಾಮಗಳಿಗೂ ಅಣೆಕಟ್ಟಿನಿಂದ ಹೀಗೇ ತೊಂದರೆಯಾ?

ಉತ್ತರ:

ನಿಮ್ಮ ಅಮ್ಮಮ್ಮ ಹೇಳಿದ್ದು ಸರಿ. ನಿಮ್ಮ ಅನುಮಾನವೂ ಸರಿಯೇ. ಅಣೆಕಟ್ಟು ಕಟ್ಟಿದರೆ ಕೆಳಗೆ ನೀರು ಕಡಿಮೆ, ನೀರು ಕಡಿಮೆಯಾದರೆ ಸಮುದ್ರ ಒಳಗೆ ನುಗ್ಗುತ್ತದೆ ಅಂತ ಲೆಕ್ಕ ಹಾಕುವುದು ಸಹಜ. ಎಷ್ಟೋ ನದಿಗಳಲ್ಲಿ ಆಗಿರುವುದೂ ಹಾಗೆಯೇ. ಶರಾವತಿಯ ಕತೆ ಬೇರೆ. ಇಲ್ಲಿ ನೀರು ಹಿಡಿದಿಟ್ಟಿದ್ದು ಕರೆಂಟಿಗಾಗಿ. ಗದ್ದೆಗೆ ಹಾಯಿಸಿದ ನೀರಿನಲ್ಲಿ ಹೊಳೆಗೆ ವಾಪಸ್ ಬರುವುದು ಸ್ವಲ್ಪವೇ. ಟರ್ಬೈನ್ ತಿರುಗಿಸಿದ ನೀರು ಮಾತ್ರ ಪೂರ್ತಿ ಹೊಳೆಗೇ ಬೀಳುತ್ತದೆ. ಆದರೆ ಆಷಾಢದಲ್ಲಿ ಬರಬೇಕಾದ ನೀರು ಯುಗಾದಿ ಹೊತ್ತಿಗೆ ಬರುತ್ತದೆ. ನಿಮ್ಮ ಹೊಳೆಯಿಂದ ಬಳಚು ಹೋಗಿದ್ದು ನೀರು ಬರುವ ತಿಂಗಳು ಬದಲಾದ್ದರಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ಪಶ್ಚಿಮ ಘಟ್ಟದ ಹೊಳೆಗಳಿಗೆ ಒಂದು ಪಂಚಾಂಗ ಇದೆ. ವರ್ಷದ ನೀರಿನ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಹರಿದುಹೋಗುತ್ತದೆ. ಆ ನಾಲ್ಕು ತಿಂಗಳು ಅಳಿವೆಯಲ್ಲಿ ಉಪ್ಪು ಅನ್ನುವುದೇ ಇರುವುದಿಲ್ಲ. ಕೆಂಪು ನೀರು ಸಮುದ್ರವನ್ನೇ ದೂರ ತಳ್ಳುತ್ತದೆ. ದೀಪಾವಳಿ ಕಳೆದ ಮೇಲೆ ಹೊಳೆ ಇಳಿಯುತ್ತದೆ. ಆಗ ಉಬ್ಬರದ ಜೊತೆ ಸಮುದ್ರದ ನೀರು ನಿಧಾನಕ್ಕೆ ಮೇಲೇರುತ್ತದೆ. ಉಪ್ಪುನೀರು ಭಾರ, ಸಿಹಿನೀರು ಹಗುರ. ಹಾಗಾಗಿ ಉಪ್ಪು ತಳದಲ್ಲಿ ತೆವಳಿಕೊಂಡು ಬರುತ್ತದೆ, ಮೇಲೆ ಸಿಹಿನೀರಿನ ಪದರ ತೇಲುತ್ತದೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಎರಡೂ ಬೆರೆತು ಅಳಿವೆ ಪೂರ್ತಿ ಉಪ್ಪಾಗುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಅಣೆಕಟ್ಟು ಇಲ್ಲದ ಹೊಳೆಯ ಅಳಿವೆ ಆ ಮಟ್ಟದ ಹತ್ತಿರ ಹೋಗುತ್ತದೆ. ಆಮೇಲೆ ಮತ್ತೆ ಮಳೆ, ಮತ್ತೆ ಸೊನ್ನೆ.

ಅಳಿವೆಯ ಜೀವಗಳೆಲ್ಲ ಈ ಏರಿಳಿತಕ್ಕೆ ಹೊಂದಿಕೊಂಡು ಬೆಳೆದವು. ಸಿಗಡಿಯನ್ನೇ ನೋಡಿ. ಮೊಟ್ಟೆ ಇಡುವುದು ಸಮುದ್ರದಲ್ಲಿ. ಮರಿಗಳು ಉಬ್ಬರದ ಜೊತೆ ಅಳಿವೆಗೆ ಬಂದು, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ತಿಂದು ದಪ್ಪವಾಗಿ, ದೊಡ್ಡವಾದ ಮೇಲೆ ಸಮುದ್ರಕ್ಕೆ ವಾಪಸ್ ಹೋಗುತ್ತವೆ. ಬಳಚಿಗೆ ಹಾಗೆ ಓಡಾಡಲು ಆಗುವುದಿಲ್ಲ, ಕೂತಲ್ಲೇ ಕೂರಬೇಕು. ಮಳೆಗಾಲದ ಸಿಹಿನೀರನ್ನು ಅದು ಚಿಪ್ಪು ಬಿಗಿಯಾಗಿ ಮುಚ್ಚಿಕೊಂಡು ಸಹಿಸುತ್ತದೆ. ಒಂದಷ್ಟು ಸಾಯುತ್ತವೆ, ಒಂದಷ್ಟು ಉಳಿಯುತ್ತವೆ. ಮಳೆ ನಿಂತು ಉಪ್ಪು ಏರತೊಡಗಿದ ಮೇಲೆ ಉಳಿದವು ಚಿಪ್ಪು ತೆರೆಯುತ್ತವೆ, ನೀರು ಸೋಸಿ ತಿನ್ನುತ್ತವೆ, ಮರಿ ಮಾಡುತ್ತವೆ. ಮರಿಗಳು ಕೆಲವು ದಿನ ನೀರಿನಲ್ಲಿ ತೇಲಿ ಆಮೇಲೆ ತಳದಲ್ಲಿ ಕೂರುತ್ತವೆ. ಅಷ್ಟು ದಿನ ನೀರಿನಲ್ಲಿ ಉಪ್ಪು ಇರಲೇಬೇಕು. ದೊಡ್ಡ ಬಳಚು ಸಪ್ಪೆ ನೀರನ್ನು ಹೇಗೋ ತಡೆದುಕೊಂಡೀತು, ಮರಿಗೆ ಆಗುವುದಿಲ್ಲ.

ಕುಮಟಾ ಕಡೆಯ ಅಘನಾಶಿನಿಯಲ್ಲಿ ಈ ಪಂಚಾಂಗ ಇನ್ನೂ ನಡೆಯುತ್ತಿದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ತದಡಿಯ ಹತ್ತಿರ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಇಳಿತದ ಹೊತ್ತಿನಲ್ಲಿ ಅಲ್ಲಿಗೆ ಒಮ್ಮೆ ಹೋಗಿ ನೋಡಿ. ಹೊಳೆ ಹಿಂದೆ ಸರಿದು ಕೆಸರಿನ ದಿಬ್ಬಗಳು ಮೇಲೆ ಬಂದಿರುತ್ತವೆ. ಹೆಂಗಸರು ಮೊಣಕಾಲು, ಸೊಂಟದವರೆಗಿನ ನೀರಿನಲ್ಲಿ ನಿಂತಿರುತ್ತಾರೆ. ಕಣ್ಣಿಗೆ ಕಾಣುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ಕಾಲಿನ ಬೆರಳಿನಿಂದಲೇ ಕೆಸರನ್ನು ಮೆಲ್ಲಗೆ ತಡಕುತ್ತಾರೆ. ಬೆರಳಿಗೆ ಗಟ್ಟಿ ತಗುಲಿದ ತಕ್ಷಣ ಬಗ್ಗಿ ತೆಗೆದು, ಪಕ್ಕದಲ್ಲಿ ತೇಲುವ ಪಾತ್ರೆಗೆ ಹಾಕುತ್ತಾರೆ. ಠಣ್ ಅಂತ ಸದ್ದು. ಉಬ್ಬರ ತಿರುಗುವ ಹೊತ್ತಿಗೆ ಪಾತ್ರೆ ತುಂಬಿರುತ್ತದೆ. ಎಷ್ಟು ಗಂಟೆಗೆ ಇಳಿತ, ಇವತ್ತು ಎಲ್ಲಿಯವರೆಗೆ ನೀರು ಸರಿಯುತ್ತದೆ ಅಂತ ಅವರು ಪುಸ್ತಕ ನೋಡಿ ತಿಳಿದವರಲ್ಲ. ತಿಥಿ ಹೇಳಿದರೆ ಸಾಕು, ಹೊತ್ತು ಹೇಳುತ್ತಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದ ತಂಡ ವರ್ಷಗಟ್ಟಲೆ ಈ ಅಳಿವೆಗಳಲ್ಲಿ ಓಡಾಡಿ ಲೆಕ್ಕ ಇಟ್ಟಿದೆ. ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಶ್ಚಂದ್ರನ್ ಈ ತಂಡದಲ್ಲಿದ್ದವರು. ಅಘನಾಶಿನಿಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಜೀವಿಗಳು ಸಿಗುತ್ತವೆ, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಇದೇ ನೇರ ದುಡಿಮೆ ಅಂತ ಅವರ ಲೆಕ್ಕ ಹೇಳಿತು. ಪಕ್ಕದ ಶರಾವತಿಯಲ್ಲಿ ಅದೇ ಚಿಪ್ಪುಜೀವಿಗಳು ಹೆಚ್ಚುಕಡಿಮೆ ಹೋಗಿಬಿಟ್ಟಿದ್ದನ್ನೂ, ಮೀನಿನ ಜಾತಿಗಳು ಕಡಿಮೆಯಾಗಿದ್ದನ್ನೂ ಅವರು ದಾಖಲಿಸಿದರು. ಎರಡೂ ಹೊಳೆ ಒಂದೇ ಘಟ್ಟದವು, ಒಂದೇ ಮಳೆ, ಒಂದೇ ಸಮುದ್ರ. ನಡುವೆ ಇರುವುದು ಒಂದೇ ತಾಲೂಕಿನ ಗಡಿ. ವಿಜ್ಞಾನಿಗಳಿಗೆ ಇಂಥ ಜೋಡಿ ಸಿಗುವುದು ಅಪರೂಪ. ನಿಮ್ಮ ಅಮ್ಮಮ್ಮನ ಮಾತನ್ನು ನಾನು ಇಷ್ಟು ಧೈರ್ಯವಾಗಿ ಸರಿ ಅನ್ನುತ್ತಿರುವುದು ಇದೇ ಕಾರಣಕ್ಕೆ. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ತಾಣಗಳ ಪಟ್ಟಿಗೆ ಸೇರಿತು.

ಈಗ ನಿಮ್ಮ ಹೊಳೆಯ ಮೇಲ್ಭಾಗಕ್ಕೆ ಹೋಗೋಣ. ಲಿಂಗನಮಕ್ಕಿ ಅಣೆಕಟ್ಟು 1964ರದ್ದು. ಸುಮಾರು 151 ಟಿಎಂಸಿ ನೀರು ಹಿಡಿಯುತ್ತದೆ. ಸಾಲದ್ದಕ್ಕೆ ಚಕ್ರಾ, ಸಾವೇಹಕ್ಲು ಜಲಾಶಯಗಳ ನೀರನ್ನೂ ಇಲ್ಲಿಗೆ ತಿರುಗಿಸಿದ್ದಾರೆ. ಚಕ್ರಾ ಕುಂದಾಪುರದ ಪಂಚಗಂಗಾವಳಿ ಸೇರಬೇಕಾದ ಹೊಳೆ. ಅಂದರೆ ಅಲ್ಲಿನ ಅಳಿವೆಗೆ ಕಡಿಮೆಯಾದ ನೀರು ಸುತ್ತು ಹಾಕಿ ನಿಮ್ಮ ಅಳಿವೆಗೆ ಬಂದು ಬೀಳುತ್ತಿದೆ. ಲಿಂಗನಮಕ್ಕಿಯ ನೀರು ತಳಕಳಲೆ ಜಲಾಶಯಕ್ಕೆ ಹೋಗಿ, ಅಲ್ಲಿಂದ ಪೈಪಿನಲ್ಲಿ ಕಣಿವೆಗೆ ಇಳಿದು, 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರದ ಟರ್ಬೈನ್ ತಿರುಗಿಸುತ್ತದೆ. ಆ ನೀರನ್ನು ಗೇರುಸೊಪ್ಪೆಯ ಅಣೆಕಟ್ಟು ಮತ್ತೆ ತಡೆಯುತ್ತದೆ. ಅಲ್ಲಿ ಇನ್ನೂ 240 ಮೆಗಾವಾಟ್ ಕರೆಂಟ್ ತೆಗೆದು ಹೊಳೆಗೆ ಬಿಡುತ್ತಾರೆ.

ಮಾರ್ಚ್‌ನಲ್ಲಿ ಜೋಗಕ್ಕೆ ಹೋದವರು ಬರಿ ಬಂಡೆ ನೋಡಿ ಬೇಜಾರಾಗಿ ವಾಪಸ್ ಬರುತ್ತಾರೆ. ಅದೇ ದಿನ ಗೇರುಸೊಪ್ಪೆಯ ಕೆಳಗೆ ಹೊಳೆ ದಡ ತುಂಬಿ ಹರಿಯುತ್ತಿರುತ್ತದೆ. ಬೇಸಿಗೆಯಲ್ಲಿ ರಾಜ್ಯಕ್ಕೆ ಕರೆಂಟ್ ಜಾಸ್ತಿ ಬೇಕು. ಹಾಗಾಗಿ ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲಿ ಬಿಡುತ್ತಾರೆ. ಸಮುದ್ರ ಒಳಗೆ ಬರಬೇಕಾದ ತಿಂಗಳುಗಳಲ್ಲೇ ಎದುರಿನಿಂದ ಸಿಹಿನೀರು ಬಂದು ಅದನ್ನು ಬಾಗಿಲಲ್ಲೇ ತಡೆಯುತ್ತದೆ. ಉಪ್ಪು ಅಳಿವೆಯ ಬಾಯಿಯ ಹತ್ತಿರ, ತಳದಲ್ಲಿ ಮಾತ್ರ ಉಳಿಯುತ್ತದೆ. ಮಾವಿನಕುರ್ವೆ ದಾಟಿ ಮೇಲೆ ಹೋದರೆ ನೀರು ಸಪ್ಪೆ. ಮಳೆಗಾಲದಲ್ಲಿ ಚಿಪ್ಪು ಮುಚ್ಚಿ ಕೂತ ಬಳಚು, ಇನ್ನೇನು ತೆರೆಯಬೇಕು ಅಂತ ಕಾಯುತ್ತಲೇ ಇರುತ್ತದೆ. ಆ ದಿನ ಬರುವುದೇ ಇಲ್ಲ.

ಇದರಲ್ಲಿ ಇನ್ನೊಂದು ತೊಂದರೆ ಇದೆ, ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಜಲವಿದ್ಯುತ್ ಬೇಡಿಕೆ ನೋಡಿ ಓಡುವ ಯಂತ್ರ. ಸಂಜೆ ಎಲ್ಲರ ಮನೆಯಲ್ಲೂ ದೀಪ, ಫ್ಯಾನು, ಟಿವಿ ಹಾಕಿದಾಗ ಹೆಚ್ಚು ನೀರು ಬಿಡುತ್ತಾರೆ, ಬೇಡಿಕೆ ಇಳಿದಾಗ ಕಡಿಮೆ ಮಾಡುತ್ತಾರೆ. ಕೆಳಗಿನ ಹೊಳೆಗೆ ದಿನದ ಒಳಗೇ ಏರಿಳಿತ ಬರುತ್ತದೆ. ಸಮುದ್ರದ ಉಬ್ಬರ ಇಳಿತ ಚಂದ್ರನ ಲೆಕ್ಕದ್ದು, ಪ್ರತಿದಿನ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಯಂತ್ರದ ಏರಿಳಿತ ಗಡಿಯಾರದ್ದು. ಎರಡಕ್ಕೂ ತಾಳ ಕೂಡುವುದಿಲ್ಲ. ಮೀನಿಗೆ, ಮೀನು ಹಿಡಿಯುವವರಿಗೆ ಎರಡನ್ನೂ ಒಟ್ಟಿಗೆ ಅಂದಾಜು ಮಾಡುವುದು ಬಹಳ ಕಷ್ಟ. ಜೊತೆಗೆ ಆಳದ ಜಲಾಶಯದ ತಳದಿಂದ ಬರುವ ನೀರು ತಣ್ಣಗಿರುತ್ತದೆ, ಅದರಲ್ಲಿ ಗಾಳಿ ಕಡಿಮೆ ಇರುತ್ತದೆ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಹೊಳೆ ಸಪ್ಪೆಯಾಗಿದ್ದು ಎಲ್ಲರಿಗೂ ನಷ್ಟ ಅಲ್ಲ. ದಂಡೆಯ ಬಾವಿಗಳಿಗೆ ಉಪ್ಪು ಬರುವುದು ತಪ್ಪಿದರೆ ತೋಟದವರಿಗೆ ಅನುಕೂಲವೇ. ಬೇಸಿಗೆಯಲ್ಲಿ ಪಂಪ್ ಹಾಕಿ ತೆಂಗಿಗೆ, ಅಡಿಕೆಗೆ ನೀರು ಬಿಡಬಹುದು. ನಿಮ್ಮ ಊರಿನಲ್ಲೇ ಕೇಳಿ ನೋಡಿ, ಇಬ್ಬರು ಎರಡು ಉತ್ತರ ಕೊಟ್ಟಾರು. ಒಂದೇ ಅಣೆಕಟ್ಟು ಒಂದೇ ಊರಿನಲ್ಲಿ ಒಬ್ಬರ ತೋಟ ಹಸಿರು ಮಾಡಿ ಇನ್ನೊಬ್ಬರ ಬುಟ್ಟಿ ಖಾಲಿ ಮಾಡಿದೆ. ಬುಟ್ಟಿ ಖಾಲಿಯಾದವರು ಹೆಚ್ಚಾಗಿ ಭೂಮಿ ಇಲ್ಲದ ಹೆಂಗಸರು. ಅವರ ನಷ್ಟ ಯಾವ ಯೋಜನೆಯ ಖರ್ಚಿನ ಪಟ್ಟಿಯಲ್ಲೂ ಬರಲಿಲ್ಲ. ನನಗೆ ಅತಿ ಬೇಸರದ ವಿಷಯ ಇದೇ. ಮುಳುಗಡೆಯಾದವರ ಕಷ್ಟವನ್ನಾದರೂ ಜನ ಮಾತಾಡುತ್ತಾರೆ, ಅವರಿಗೆ ಇಂದಿಗೂ ನ್ಯಾಯ ಸಿಕ್ಕಿಲ್ಲ ಅನ್ನುವುದು ಬೇರೆ ಮಾತು. ಕೆಳಗೆ ಉಪ್ಪು ಕಳೆದುಕೊಂಡವರನ್ನು ಸಂತ್ರಸ್ತರು ಅಂತ ಯಾರೂ ಕರೆಯಲೇ ಇಲ್ಲ.

ಕೇರಳದ ವೆಂಬನಾಡ್ ಕಾಯಲಿನಲ್ಲಿ (ಸಮುದ್ರಕ್ಕೆ ಸೇರಿಕೊಂಡ ಹಿನ್ನೀರು) ಹೀಗೇ ಆಗಿದೆ, ಅಲ್ಲಿ ಬೇಕೆಂದೇ ಮಾಡಿದ್ದು. ಕುಟ್ಟನಾಡಿನ ಭತ್ತಕ್ಕೆ ಉಪ್ಪು ತಗಲಬಾರದು ಅಂತ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ಅನ್ನುವ ಕಡೆ ಕಾಯಲಿಗೆ ಅಡ್ಡಲಾಗಿ ಒಂದು ಕಿಲೋಮೀಟರ್‌ಗೂ ಉದ್ದದ ತಡೆ ಕಟ್ಟಿದರು. ಬೇಸಿಗೆಯಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಭತ್ತ ಉಳಿಯಿತು. ತಡೆಯ ಒಳಗಿನ ಭಾಗದಲ್ಲಿ ಸಿಗಡಿ, ಚಿಪ್ಪು ಕುಸಿದವು, ನೀರು ನಿಂತು ಅಂತರಗಂಗೆ ಹಬ್ಬಿತು. ಬಾಗಿಲು ಯಾವತ್ತು ಮುಚ್ಚಬೇಕು, ಯಾವತ್ತು ತೆರೆಯಬೇಕು ಅಂತ ರೈತರಿಗೂ ಮೀನುಗಾರರಿಗೂ ಈಗಲೂ ಜಗ್ಗಾಟ ಇದೆ. ಆದರೂ ಅಲ್ಲಿ ಒಂದು ವಿಷಯ ಒಳ್ಳೆಯದು. ತಾರೀಖಿನ ಬಗ್ಗೆ ಜಗಳ ಎಲ್ಲರ ಎದುರಿಗೇ ನಡೆಯುತ್ತದೆ. ಶರಾವತಿಯಲ್ಲಿ ಆ ತಾರೀಖಿನ ಮಾತೇ ಇಲ್ಲ.

ಅಘನಾಶಿನಿಯ ಗಜನಿ ಗದ್ದೆಗಳಲ್ಲೂ, ಅಂದರೆ ಉಬ್ಬರದ ನೀರು ನುಗ್ಗುವ ತಗ್ಗಿನ ಗದ್ದೆಗಳಲ್ಲೂ, ಬಾಗಿಲಿನದೇ ಕತೆ. ಮಾಣಿಕಟ್ಟಾ ಸುತ್ತಮುತ್ತ ಉಪ್ಪು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವವರು ಮಳೆಗಾಲದಲ್ಲಿ ಬಂಡಿನ ಬಾಗಿಲು ಹಿಡಿತದಲ್ಲಿಟ್ಟು ಉಪ್ಪು ಒಳಗೆ ಬಾರದಂತೆ ನೋಡಿಕೊಳ್ಳುತ್ತಾರೆ. ಕೊಯ್ಲಾದ ಮೇಲೆ ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ಗದ್ದೆಯಲ್ಲಿ ಉಳಿದ ಕೂಳೆ ಕೊಳೆತು ಸಿಗಡಿಗೆ ಆಹಾರವಾಗುತ್ತದೆ. ಹಕ್ಕಿಗಳು ಬರುತ್ತವೆ. ಒಂದೇ ಗದ್ದೆ ಅರ್ಧ ವರ್ಷ ಭತ್ತಕ್ಕೆ, ಅರ್ಧ ವರ್ಷ ಮೀನಿಗೆ. ಇದೂ ನೀರು ತಡೆಯುವ ಕೆಲಸವೇ ತಾನೇ? ಆದರೆ ಹೊಳೆಯ ಪಂಚಾಂಗ ನೋಡಿಕೊಂಡು ತಡೆಯುವುದು. ಈಚೆಗೆ ಬಂಡು ಒಡೆದು, ಸಿಗಡಿ ಕೆರೆಗಳು ಬಂದು ಕಗ್ಗದ ಗದ್ದೆಗಳು ಕಡಿಮೆಯಾಗಿವೆ. ಉಳಿದಷ್ಟನ್ನಾದರೂ ಕಾಪಾಡಬೇಕು.

ನೀವು ಹೇಳಿದ ಹಾಗೆ ನೀರು ಕಡಿಮೆಯಾಗಿ ಕೆಟ್ಟ ಅಳಿವೆಗಳೂ ಇವೆ. ಈಜಿಪ್ಟಿನ ನೈಲ್ ನದಿಗೆ ಅಸ್ವಾನ್ ಹೈ ಡ್ಯಾಂ ನೀರು ತಡೆಯಲು ಶುರು ಮಾಡಿದ್ದು 1964ರಲ್ಲಿ, ಲಿಂಗನಮಕ್ಕಿಯ ವರ್ಷವೇ. ಅಲ್ಲಿಯವರೆಗೆ ಪ್ರತಿವರ್ಷ ನೆರೆ ನೀರು ಮಣ್ಣಿನ ಸಾರವನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಒಯ್ಯುತ್ತಿತ್ತು. ಅದನ್ನು ತಿಂದು ಕಣ್ಣಿಗೆ ಕಾಣದ ಪಾಚಿ, ಪಾಚಿ ತಿಂದು ಬೈಗೆ (ಭೂತಾಯಿ) ಮೀನು. ನೆರೆ ನಿಂತ ಕೆಲವೇ ವರ್ಷಗಳಲ್ಲಿ ಅಲ್ಲಿನ ಬೈಗೆ ಮೀನುಗಾರಿಕೆ ನೆಲಕಚ್ಚಿತು. ಅಣೆಕಟ್ಟಿನಿಂದ ನೂರಾರು ಕಿಲೋಮೀಟರ್ ದೂರದ ಸಮುದ್ರದ ಮೀನಿಗೆ ಏಟು ಬೀಳುತ್ತದೆ ಅಂತ ಆವರೆಗೆ ಹೆಚ್ಚಿನವರು ಯೋಚಿಸಿರಲಿಲ್ಲ.

ಹೂಳಿನದೂ ಹಾಗೆಯೇ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸುಮಾರು 132 ಟಿಎಂಸಿ ಹಿಡಿಯುತ್ತಿತ್ತು. ಈಗ ಅದರ ಸಾಮರ್ಥ್ಯ 105 ಟಿಎಂಸಿಯ ಆಸುಪಾಸು. ಉಳಿದ ಜಾಗದಲ್ಲಿ ಮಣ್ಣು ಕೂತಿದೆ. ಇದನ್ನು ನಾವು ರೈತರ ನಷ್ಟ ಅಂತ ಮಾತ್ರ ನೋಡುತ್ತೇವೆ, ಅದು ನಿಜವೂ ಹೌದು. ಆದರೆ ಆ ಮಣ್ಣು ಹೋಗಬೇಕಾಗಿದ್ದು ಕೃಷ್ಣಾ ನದಿ ಸಮುದ್ರ ಸೇರುವ ಕಡೆಗೆ. ಕೆಳಗೆ ಶ್ರೀಶೈಲ, ನಾಗಾರ್ಜುನಸಾಗರಗಳು ಉಳಿದದ್ದನ್ನೂ ಹಿಡಿದವು. ನದಿ ಮಣ್ಣು ತಂದು ಹಾಕುವುದು ನಿಂತ ಮೇಲೂ ಅಲೆ ಕೊರೆಯುವುದು ನಿಲ್ಲುವುದಿಲ್ಲ.

ಕೆರೆ, ಹಕ್ಕಿಧಾಮದ ಬಗ್ಗೆ ಕೇಳಿದ್ದೀರಿ. ಅಲ್ಲಿ ನನ್ನ ಉತ್ತರ ಸ್ವಲ್ಪ ಮೆತ್ತಗಿದೆ. ಕರ್ನಾಟಕದ ಎಷ್ಟೋ ಹಕ್ಕಿ ತಾಣಗಳು ಇರುವುದೇ ಮನುಷ್ಯ ನೀರು ಕಟ್ಟಿದ್ದರಿಂದ. ರಂಗನತಿಟ್ಟಿನ ನಡುಗಡ್ಡೆಗಳು ಆಗಿದ್ದು 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಕಟ್ಟೆಯಿಂದ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅದೂ ಊರವರ ಕೆರೆ. ಹಗರಿಬೊಮ್ಮನಹಳ್ಳಿ ಹತ್ತಿರದ ಅಂಕಸಮುದ್ರವೂ ಕೆರೆಯೇ, ನೀರಲ್ಲಿ ನಿಂತ ಜಾಲಿ ಮರಗಳ ತುಂಬ ಗೂಡುಗಳು. ಅಘನಾಶಿನಿಯ ಜೊತೆಗೇ 2024ರಲ್ಲಿ ಈ ಎರಡು ಕೆರೆಗಳೂ ರಾಮ್ಸರ್ ತಾಣಗಳಾದವು. ಹಳೆಯ ಕಟ್ಟೆ, ಕೆರೆಗಳು ಮಳೆಗೆ ತುಂಬಿ ಕೋಡಿ ಹರಿದು, ಬೇಸಿಗೆಗೆ ಇಳಿಯುತ್ತವೆ. ಹೊಳೆಯ ಪಂಚಾಂಗವನ್ನು ಅವು ಕೆಡಿಸಲಿಲ್ಲ, ಸ್ವಲ್ಪ ಎಳೆದು ಉದ್ದ ಮಾಡಿದವು ಅಷ್ಟೇ. ಹಕ್ಕಿಗಳು ಅದಕ್ಕೆ ಹೊಂದಿಕೊಂಡವು.

ದೊಡ್ಡ ಜಲಾಶಯದ ಬಾಗಿಲು ಒಮ್ಮೆಲೇ ತೆರೆದಾಗ ಕಷ್ಟ. ಕೆಆರ್‌ಎಸ್ ತುಂಬಿ ಹೆಚ್ಚು ನೀರು ಬಿಟ್ಟರೆ ಕೆಳಗಿನ ರಂಗನತಿಟ್ಟಿನ ತಗ್ಗಿನ ನಡುಗಡ್ಡೆಗಳು ಮುಳುಗುತ್ತವೆ, ಗೂಡಿನಲ್ಲಿದ್ದ ಮರಿ, ಮೊಟ್ಟೆ ಹೋಗುತ್ತವೆ. ಭದ್ರಾ ಹಿನ್ನೀರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಇಳಿದು ಮೇಲೆ ಬರುವ ಬೋಳು ದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಸಾವಿರಾರು ಸಂಖ್ಯೆಯಲ್ಲಿ ಮೊಟ್ಟೆ ಇಡುತ್ತವೆ. ನೆಲದ ಮೇಲೆ ಸುಮ್ನೆ ಒಂದು ಗುಳಿ, ಅದೇ ಗೂಡು. ನೀರು ತಡವಾಗಿ ಇಳಿದರೆ ದಿಬ್ಬ ಕಾಣಿಸುವುದಿಲ್ಲ, ಜಾಗ ಇಲ್ಲ. ಮೊಟ್ಟೆ ಇಟ್ಟ ಮೇಲೆ ನೀರು ಏರಿದರೆ ಎಲ್ಲ ಹೋಯಿತು. ಅಣೆಕಟ್ಟೆಯ ಕಚೇರಿಯಲ್ಲಿ ಕೂತು ಮಟ್ಟ ನಿರ್ಧರಿಸುವವರಿಗೆ ಒಂದೆರಡು ಅಡಿ ದೊಡ್ಡದಲ್ಲ. ಆ ಹಕ್ಕಿಗೆ ಅದೇ ಇಡೀ ವರ್ಷ.

ಇನ್ನು ಪಂಪ್ಡ್ ಸ್ಟೋರೇಜ್. ಪ್ರಸ್ತಾಪ 2,000 ಮೆಗಾವಾಟ್‌ನದ್ದು. ಮೇಲಿನ ತಳಕಳಲೆ, ಕೆಳಗಿನ ಗೇರುಸೊಪ್ಪೆ, ಇವೆರಡರ ನಡುವೆ ಅದೇ ನೀರನ್ನು ಮೇಲೆ ಕೆಳಗೆ ಓಡಾಡಿಸುವುದು. ಹಗಲು ಸೋಲಾರ್ ಕರೆಂಟ್ ಹೆಚ್ಚಿದ್ದಾಗ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಕರೆಂಟ್ ತೆಗೆಯುತ್ತಾರೆ. ಇದರಲ್ಲಿ ನೀರು ಖರ್ಚಾಗುವುದಿಲ್ಲ ಅನ್ನುವುದು ನಿಜ. ಹಾಗಾಗಿ ಅಳಿವೆಗೆ ಏನೂ ಆಗುವುದಿಲ್ಲ ಅಂತ ಹೇಳುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. ಗೇರುಸೊಪ್ಪೆ ಚಿಕ್ಕ ಜಲಾಶಯ. ಅದರ ಮಟ್ಟ ದಿನವೂ ಏರಿ ಇಳಿದರೆ, ಅಲ್ಲಿಂದ ಕೆಳಗೆ ಬಿಡುವ ನೀರಿನ ಹೊತ್ತು, ಪ್ರಮಾಣ ಎರಡೂ ಬದಲಾಗಬಹುದು. ಮೇಲೆ ಕಣಿವೆಯ ಕಾಡು, ಸಿಂಗಳೀಕಗಳ ಪ್ರಶ್ನೆ ಬೇರೆಯೇ ಇದೆ, ಅದೂ ದೊಡ್ಡದು. ಆದರೆ ಅಳಿವೆಯ ಮಟ್ಟಿಗೆ ಕೇಳಬೇಕಾದ್ದು ಒಂದೇ ಪ್ರಶ್ನೆ: ಗೇರುಸೊಪ್ಪೆಯಿಂದ ಯಾವ ತಿಂಗಳು, ದಿನದ ಯಾವ ಹೊತ್ತಿನಲ್ಲಿ, ಎಷ್ಟು ನೀರು ಬಿಡುತ್ತೀರಿ? ಇದಕ್ಕೆ ಬಾಯಿಮಾತಿನ ಉತ್ತರ ಸಾಲದು, ತಿಂಗಳವಾರು ಪಟ್ಟಿ ಬೇಕು. ಇಂಥ ಯೋಜನೆಗಳ ಪರಿಸರ ಅಧ್ಯಯನ ಸಾಮಾನ್ಯವಾಗಿ ಸುತ್ತ 10 ಕಿಲೋಮೀಟರ್ ನೋಡುತ್ತದೆ. ಗೇರುಸೊಪ್ಪೆಯಿಂದ ಹೊನ್ನಾವರ ಅದರ ಮೂರು ಪಟ್ಟು ದೂರ. ನಿಮ್ಮ ಅಳಿವೆ ನಕ್ಷೆಯ ಹೊರಗೇ ಉಳಿಯುವ ಸಾಧ್ಯತೆ ಇದೆ. ಅದನ್ನು ಒಳಗೆ ಸೇರಿಸಿ ಅಂತ ಈಗಲೇ ಬರೆದು ಕೇಳಿ.

ಶರಾವತಿ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತೂ ಆಗಾಗ ಬರುತ್ತದೆ, 2019ರಲ್ಲಿ ಜೋರಾಗಿ ಬಂದಿತ್ತು. ಹಾಗಾದರೆ ಸಿಹಿನೀರು ಕಡಿಮೆಯಾಗಿ ಉಪ್ಪು ವಾಪಸ್ ಬಂದು ಬಳಚೂ ಬಂದೀತಲ್ಲ ಅಂತ ನಿಮಗೆ ಅನ್ನಿಸಬಹುದು. ಅಷ್ಟು ಸಲೀಸಲ್ಲ. ಆರು ದಶಕಗಳಲ್ಲಿ ತೋಟ, ಬಾವಿ, ಕುಡಿಯುವ ನೀರು ಎಲ್ಲ ಈ ಸಪ್ಪೆ ಹೊಳೆಗೆ ಹೊಂದಿಕೊಂಡಿವೆ. ಒಂದೇ ಸಲ ಉಪ್ಪು ಬಂದರೆ ಈಗ ನಷ್ಟ ತಿನ್ನುವವರು ಬೇರೆಯವರು. ನಾನು ಕೇಳುವುದು ಸಣ್ಣ ಬದಲಾವಣೆ. ಜನವರಿಯಿಂದ ಮೇ ಒಳಗೆ ಕೆಲವು ವಾರ, ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರದ ದಿನಗಳಲ್ಲಿ, ಗೇರುಸೊಪ್ಪೆಯ ನೀರು ತಗ್ಗಿಸಿ ನೋಡಲಿ. ಉಪ್ಪು ಎಲ್ಲಿಯವರೆಗೆ ಬರುತ್ತದೆ, ಯಾವ ಬಾವಿಗೆ ತಗಲುತ್ತದೆ, ಎಲ್ಲಿ ಬಳಚು ಕೂರುತ್ತದೆ ಅಂತ ಅಳೆಯಲಿ.

ಉಪ್ಪು ವಾಪಸ್ ಬಂದರೆ ಜೀವ ವಾಪಸ್ ಬರುತ್ತದಾ? ಬಂದ ಉದಾಹರಣೆ ಇದೆ. ಒಡಿಶಾದ ಚಿಲಿಕಾ ಸರೋವರದ ಬಾಯಿ ಹೂಳು ತುಂಬಿ ಮುಚ್ಚುತ್ತಾ ಬಂದು ನೀರು ಸಪ್ಪೆಯಾಗಿತ್ತು. ಕಳೆ ಹಬ್ಬಿತ್ತು, ಮೀನು ಕುಸಿದಿತ್ತು. ಅದು ಅಣೆಕಟ್ಟಿನ ತಪ್ಪಲ್ಲ, ಆದರೆ ರೋಗ ನಿಮ್ಮ ಹೊಳೆಯದೇ. 2000ದ ಸೆಪ್ಟೆಂಬರ್‌ನಲ್ಲಿ ಮರಳು ಕಡಿದು ಸಮುದ್ರಕ್ಕೆ ಹೊಸ ಬಾಯಿ ತೆರೆದರು. ಉಪ್ಪು ಒಳಗೆ ಬಂತು. ಮೀನು, ಸಿಗಡಿ, ಏಡಿ ಮತ್ತೆ ಹೆಚ್ಚಾದವು. ಅಪಾಯದಲ್ಲಿರುವ ತಾಣಗಳ ರಾಮ್ಸರ್ ಪಟ್ಟಿಯಿಂದ 2002ರಲ್ಲಿ ಚಿಲಿಕಾ ಹೊರಬಂತು. ನಿಮಗೆ ಬೀಜ ದೂರದಲ್ಲೂ ಇಲ್ಲ. ಪಕ್ಕದ ಅಘನಾಶಿನಿಯಲ್ಲಿ ತುಂಬ ಬಳಚಿದೆ.

ಇದಕ್ಕೆಲ್ಲ ಮೊದಲು ನಿಮ್ಮ ಕೈಯಲ್ಲಿ ಲೆಕ್ಕ ಇರಬೇಕು. ಅಹವಾಲು ಸಭೆಯಲ್ಲಿ 'ಮೊದಲು ಉಪ್ಪಿತ್ತು, ಈಗ ಇಲ್ಲ' ಅಂದರೆ ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅಂಕಿ ಕೊಟ್ಟರೆ ಬರೆದುಕೊಳ್ಳಬೇಕಾಗುತ್ತದೆ. ರಿಫ್ರಾಕ್ಟೋಮೀಟರ್ ಅಂತ ಒಂದು ಸಾಧನ ಬರುತ್ತದೆ, ಟಾರ್ಚಿನಷ್ಟು ಉದ್ದ, ಬ್ಯಾಟರಿ ಬೇಡ. ಸಿಗಡಿ ಸಾಕುವವರ ಹತ್ತಿರ ಇರುತ್ತದೆ. ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಮುಚ್ಚಳ ಹಾಕಿ, ಬೆಳಕಿನ ಕಡೆ ಹಿಡಿದು ಒಂದು ಕಣ್ಣಿನಲ್ಲಿ ನೋಡಬೇಕು. ಮೇಲೆ ನೀಲಿ, ಕೆಳಗೆ ಬಿಳಿ ಕಾಣುತ್ತದೆ. ಎರಡೂ ಸೇರುವ ಗೆರೆ ಯಾವ ಅಂಕಿಯ ಮೇಲಿದೆಯೋ ಅದೇ ಲೀಟರಿಗೆ ಇಷ್ಟು ಗ್ರಾಂ ಉಪ್ಪು ಅಂತ. ಶಾಲೆ ಮಕ್ಕಳೂ ಕಲಿಯುತ್ತಾರೆ.

ಮೂರು ಜಾಗ ಗೊತ್ತು ಮಾಡಿ: ಅಳಿವೆಯ ಬಾಯಿ, ನಿಮ್ಮ ಮನೆಯ ದಕ್ಕೆ, ಇನ್ನೂ ಮೇಲೆ ಒಂದು ಕಡೆ. ವಾರಕ್ಕೊಮ್ಮೆ ಉಬ್ಬರದ ತುದಿಯಲ್ಲಿ, ಇಳಿತದ ತುದಿಯಲ್ಲಿ ಅಳೆಯಿರಿ. ಮೇಲಿನ ನೀರು ಮಾತ್ರ ನೋಡಿದರೆ ಮೋಸ ಹೋಗುತ್ತೀರಿ, ಉಪ್ಪು ತಳದಲ್ಲಿರುತ್ತದೆ. ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಹಾಕಿ ಕೆಳಗೆ ಬಿಡಿ. ತಳ ಮುಟ್ಟಿದ ಮೇಲೆ ಬಿರಡೆಯ ದಾರ ಎಳೆದರೆ ತಳದ ನೀರೇ ತುಂಬುತ್ತದೆ. ತಾರೀಖು, ತಿಥಿ, ಹೊತ್ತು, ಅಂಕಿ, ಆ ವಾರ ಯಾರಿಗಾದರೂ ಬಳಚು ಸಿಕ್ಕಿತಾ ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ಪುಟ ಅಮ್ಮಮ್ಮನಿಗೆ ಬಿಡಿ. ಯಾವ ತಿಂಗಳು ಎಲ್ಲಿ ಬಳಚು ಹೆಕ್ಕುತ್ತಿದ್ದರು, ನೀರು ಯಾವಾಗಿನಿಂದ ಉಪ್ಪಾಗುತ್ತಿತ್ತು, ಯಾವ ದಕ್ಕೆಯವರೆಗೆ ಏರುತ್ತಿತ್ತು ಅಂತ ಅವರು ಹೇಳಿದ ಹಾಗೇ ಬರೆದುಕೊಳ್ಳಿ. ಒಂದು ಮಳೆಗಾಲ, ಒಂದು ಬೇಸಿಗೆ ಪೂರ್ತಿ ದಾಟಿದ ಮೇಲೆ ನನಗೊಂದು ಪ್ರತಿ ಕಳಿಸಿ. ಗೇರುಸೊಪ್ಪೆಯಿಂದ ಬಿಟ್ಟ ನೀರಿನ ಲೆಕ್ಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ತರಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಕೂತು ನೋಡೋಣ.